ಹತ್ತು ನಿಮಿಷಕ್ಕೊಂದು ಟಿಕ್

ದಣಪೆ ಹಾಕದೇ ಹೋದವರು ಯಾರು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ಕೇಳಿದರೆ ಎಲ್ಲರೂ ಹಾಕಿಯೇ ಹೋದವರು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಹಾಕಿದ್ದಾರೆ, ಸೊಪ್ಪು ತರುವವರು ಹಾಕಿದ್ದಾರೆ, ಡೇರಿಗೆ ಹಾಲು ಒಯ್ಯುವ ನಮ್ಮವರು ಹಾಕಿದ್ದಾರೆ, ಶಾಲೆ ಬಸ್ಸಿಗೆ ಓಡುವ ಮಗಳಂತೂ ದೇವರಾಣೆಗೂ ಹಾಕಿದ್ದಾಳೆ. ಆದರೂ ವಾರಕ್ಕೊಮ್ಮೆ ತೋಟದಲ್ಲಿ ದನ.

ಪೇಟೆಯವರಿಗಾಗಿ ಒಂದು ಮಾತು. ದಣಪೆ ಅಂದರೆ ಎರಡು ಕಂಬ, ಕಂಬಕ್ಕೆ ತೂತು, ತೂತಿಗೆ ಅಡ್ಡಡ್ಡ ತೂರಿಸಿದ ಮೂರು ಗಳ. ಸಾಗರದ ಕಡೆಯವರು ಉಣಗೋಲು ಎನ್ನುತ್ತಾರೆ. ಮನುಷ್ಯರು ಗಳ ಸರಿಸಿ ದಾಟಿ, ಮತ್ತೆ ತೂರಿಸಿ ಹೋಗಬೇಕು. ಕೈಯಲ್ಲಿ ಕ್ಯಾನು, ತಲೆಯ ಮೇಲೆ ಹೊರೆ ಇದ್ದವರು ಕೆಳಗಿನ ಎರಡು ಗಳ ಹಾಕಿ ಮೇಲಿನದನ್ನು ಹಾಗೇ ಬಿಡುತ್ತಾರೆ, ಅಥವಾ ಮೂರನ್ನೂ ಬಿಡುತ್ತಾರೆ. ನಮ್ಮ ಮನೆ ಶಿರಸಿಯಿಂದ ಒಂಬತ್ತು ಕಿಲೋಮೀಟರ್. ಮನೆ ಗುಡ್ಡದ ಮಗ್ಗುಲಲ್ಲಿ, ತೋಟ ಕೆಳಗೆ, ತೋಟದ ಆಚೆ ತುದಿಗೆ ರಸ್ತೆ, ಅಲ್ಲಿ ದಣಪೆ. ಜಗಲಿಯಿಂದ ಅಲ್ಲಿಗೆ ಸುಮಾರು 180 ಮೀಟರ್. ನಡುವೆ ಅಡಿಕೆ ಮರ, ಬಾಳೆ, ಕಾಳುಮೆಣಸಿನ ಬಳ್ಳಿ ಸೇರಿ ಪರದೆ ಕಟ್ಟಿದಂತಿರುವುದರಿಂದ ಮನೆಯಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ. ದನ ಬಾಳೆ ತಿಂದರೆ ಹೋಗಲಿ, ಮತ್ತೆ ಚಿಗುರುತ್ತದೆ. ಅಡಿಕೆ ಸಸಿಯ ಸುಳಿ ಕಚ್ಚಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಅದು ಫಲ ಕೊಡಲು ಐದಾರು ವರ್ಷ ಬೇಕು. ದನಕ್ಕೆ ಬೇಕಾದದ್ದು ಐದಾರು ಸೆಕೆಂಡು.

2024 ಜಾತ್ರೆಯ ವರ್ಷ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪೇಟೆಯಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಮಾರ್ಚ್ ಮುಗಿಯುವವರೆಗೆ ಕರಪತ್ರ, ರಸೀದಿ ಪುಸ್ತಕ, ಬ್ಯಾನರು ಎಂದು ಉಸಿರಾಡಲೂ ಬಿಡುವಿರಲಿಲ್ಲ. ಜಾತ್ರೆ ಮುಗಿದ ಮೇಲೆ ಊರೇ ಮಲಗಿತು, ನನ್ನ ಅಂಗಡಿಯೂ. ಮಗಳ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಅಲ್ಲಿ ಆರ್ಡುಯಿನೋ ಎಂಬ, ಹೇಳಿಕೊಟ್ಟಂತೆ ಕೆಲಸ ಮಾಡುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ನೋಡಿ ಬಂದು, ತನಗೂ ಒಂದು ಬೇಕು ಎಂದು ಹಟ ಮಾಡಿ ತರಿಸಿಕೊಂಡಿದ್ದಳು. ಹದಿನೈದು ದಿನ ಎಲ್‌ಇಡಿ ಮಿಣುಕಿಸಿದಳು, ಆಮೇಲೆ ಡಬ್ಬಿ ಕಪಾಟಿನ ಮೇಲೆ ಸೇರಿತು. ದಣಪೆ ತೆರೆದರೆ ಮನೆಗೆ ತಿಳಿಸುವಂಥದ್ದೊಂದು ಮಾಡುವಾ ಎಂದು, ಬಿಡುವಿದ್ದ ಒಂದು ಮಧ್ಯಾಹ್ನ ಅದನ್ನು ಅಂಗಡಿಗೆ ಒಯ್ದೆ.

ನಾನು ಓದಿದ್ದು ಬಿ.ಎ. ಎಲೆಕ್ಟ್ರಾನಿಕ್ಸ್ ಅಂದರೆ ಮಿಕ್ಸರ್ ಕೆಟ್ಟಾಗ ಒಯ್ದು ಕೊಡುವ ಅಂಗಡಿ, ಅಷ್ಟೇ ಗೊತ್ತಿದ್ದದ್ದು. ಆದರೆ ಈ ಬೋರ್ಡು ಹುಟ್ಟಿದ್ದೂ ನನ್ನಂಥವರಿಗಾಗಿಯೇ ಎಂದು ಆಮೇಲೆ ತಿಳಿಯಿತು. 2005ರ ಹೊತ್ತಿಗೆ ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಎಂಜಿನಿಯರ್ ಅಲ್ಲದ ವಿದ್ಯಾರ್ಥಿಗಳ ಕೈಗೆ ಕೊಡಲು ಅಗ್ಗದ ಬೋರ್ಡೊಂದು ಬೇಕೆಂದು ಮಾಡಿದ್ದು. ಹೆಸರು ಅಲ್ಲಿನ ಒಂದು ಬಾರಿನದು. ಬಾರಿಗೆ ಆ ಹೆಸರು ಬಂದದ್ದು 1002ರಲ್ಲಿ ಇಟಲಿಯ ರಾಜನಾದ ಆರ್ಡುಯಿನ್‌ನಿಂದ. ರಾಜನಿಂದ ಬಾರಿಗೆ, ಬಾರಿನಿಂದ ಬೋರ್ಡಿಗೆ, ಅಲ್ಲಿಂದ ನಮ್ಮ ದಣಪೆಗೆ!

ಅದರ ಮಿದುಳು ಎಟಿಮೆಗಾ 328 ಎಂಬ ಚಿಪ್ಪು. ಪ್ರೋಗ್ರಾಂ ಇಡಲು 32 ಕಿಲೋಬೈಟು ಜಾಗವಿದೆ. ಕೆಲಸ ಮಾಡುವಾಗ ನೆನಪಿಟ್ಟುಕೊಳ್ಳಲು ಇರುವುದು ಬರೇ 2 ಕಿಲೋಬೈಟು. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಅಂದರೆ ನಾನು ದಿನಾ ಹೊಡೆಯುವ ಮದುವೆ ಕರೆಯೋಲೆ, ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು ಸೇರಿದರೆ, ಇದರ ತಲೆಯಲ್ಲಿ ಹಿಡಿಸುವುದಿಲ್ಲ. ಆದರೆ ದಣಪೆ ತೆರೆದಿದೆಯೋ ಇಲ್ಲವೋ ಎಂದು ನೆನಪಿಡಲು ಎಷ್ಟು ತಲೆ ಬೇಕು?

ಕೋಡು ಬರೆಯುವುದು ಹೆದರಿದಷ್ಟು ಕಷ್ಟವಾಗಲಿಲ್ಲ. ಸೆಟಪ್ ಎಂಬ ಭಾಗ ಒಂದೇ ಸಲ ನಡೆಯುತ್ತದೆ, ಲೂಪ್ ಎಂಬುದು ಕರೆಂಟು ಇರುವಷ್ಟು ಹೊತ್ತೂ ತಿರುಗುತ್ತಿರುತ್ತದೆ. ಸೆಟಪ್ ಅಂದರೆ ಬೆಳಿಗ್ಗೆ ಒಲೆ ಹಚ್ಚುವುದು, ಲೂಪ್ ಅಂದರೆ ಆಮೇಲಿನ ಇಡೀ ಅಡುಗೆಮನೆ. ಸಾಲಿನ ಕೊನೆಯ ಅರ್ಧವಿರಾಮ ತಪ್ಪಿದರೆ ಅದು ಮುಂದೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಪ್ರೂಫ್ ನೋಡಿದ ಕಣ್ಣಿಗೆ ಆ ಒಂದು ವಿಷಯ ಸಲೀಸು. ಬೇರೆಯವರು ಇಡೀ ರಾತ್ರಿ ಹುಡುಕುವ ತಪ್ಪು ನನಗೆ ಮೊದಲೇ ಚುಚ್ಚುತ್ತಿತ್ತು.

ದಣಪೆಗೆ ಬೇಕಾದದ್ದು ರೀಡ್ ಸ್ವಿಚ್. ಇದು ನನಗೆ ಇಡೀ ಸಾಹಸದಲ್ಲಿ ಬಹಳ ಹಿಡಿಸಿದ ವಸ್ತು. ಕಿರುಬೆರಳ ಉಗುರಿಗಿಂತ ಚೂರು ಉದ್ದದ ಗಾಜಿನ ಕೊಳವೆ, ಒಳಗೆ ಎರಡು ತೆಳು ಕಬ್ಬಿಣದ ಎಸಳು. ತುದಿಗಳ ನಡುವೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಂದಿ. ಅಯಸ್ಕಾಂತ ಹತ್ತಿರ ತಂದರೆ ಎಸಳುಗಳು ಕೂಡಿಕೊಳ್ಳುತ್ತವೆ, ದೂರ ಒಯ್ದರೆ ಬಿಟ್ಟುಕೊಳ್ಳುತ್ತವೆ. ಕಿವಿಗೆ ಹಿಡಿದರೆ ಇರುವೆ ಹಲ್ಲು ಕಡಿದಂಥ ಸದ್ದು. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಲ್‌ವುಡ್ ಎಂಬವರು ಇದನ್ನು ಕಂಡುಹಿಡಿದದ್ದು ಟೆಲಿಫೋನ್ ಕೆಲಸಕ್ಕೆ. ಗಾಜಿನೊಳಗೆ ಮುಚ್ಚಿರುವುದರಿಂದ ಮಳೆ, ಧೂಳು, ತುಕ್ಕು ಯಾವುದೂ ಅದಕ್ಕೆ ಲೆಕ್ಕವಿಲ್ಲ. ಒಂದೇ ದೋಷ, ಕಾಲು ಬಗ್ಗಿಸುವಾಗ ಗಾಜಿನ ಬುಡಕ್ಕೆ ಬಲ ಬಿದ್ದರೆ ಚಟ್ ಎನ್ನುತ್ತದೆ. ಎರಡು ಒಡೆದುಕೊಂಡ ಮೇಲೆ ಇಕ್ಕಳದಲ್ಲಿ ನಡುವೆ ಹಿಡಿದು ಬಗ್ಗಿಸಬೇಕೆಂದು ಕಲಿತೆ. ಮೇಲಿನ ಗಳದ ತುದಿಗೆ ಅಯಸ್ಕಾಂತ ಹುಗಿದೆ, ಕಂಬದ ತೂತಿನ ಪಕ್ಕ ರೀಡ್ ಸ್ವಿಚ್ ಇಟ್ಟು ಎಂ-ಸೀಲ್ ಮೆತ್ತಿದೆ. ಗಳ ತನ್ನ ಜಾಗದಲ್ಲಿದ್ದರೆ ಸ್ವಿಚ್ಚು ಕೂಡಿರುತ್ತದೆ, ಸರಿದರೆ ಬಿಡುತ್ತದೆ.

ಅದಕ್ಕೂ ಮೊದಲು ಒಂದು ಸಂಜೆ ಮನೆಯಲ್ಲಿ ದೆವ್ವ ಹೊಕ್ಕಿತ್ತು. ಜಗಲಿಯಲ್ಲಿ ತಂತಿ ಹರವಿಕೊಂಡು ಕೂತಿದ್ದೆ. ಬೋರ್ಡಿನ ಹತ್ತಿರ ಕೈ ಒಯ್ದರೆ ಅದಕ್ಕೆ ಕಟ್ಟಿದ ಬಜರು ಕೂಗುತ್ತದೆ, ಕೈ ಹಿಂದೆ ತಂದರೆ ಸುಮ್ಮನಾಗುತ್ತದೆ. ಮುಟ್ಟಿಯೇ ಇಲ್ಲ! ಬೋರ್ಡಿನ ಕಾಲಿಗೆ, ಅಂದರೆ ಪಿನ್ನಿಗೆ, ಏನನ್ನೂ ಜೋಡಿಸದೇ ಬಿಟ್ಟರೆ ಅದು ಹೌದೂ ಅಲ್ಲದ ಇಲ್ಲವೂ ಅಲ್ಲದ ತ್ರಿಶಂಕು ಸ್ಥಿತಿಯಲ್ಲಿ ತೇಲುತ್ತದಂತೆ. ಮನೆಯ ವೈರಿಂಗಿನಿಂದ ನಮ್ಮ ಮೈಗೆ ಹತ್ತಿದ ವಿದ್ಯುತ್ತಿನ ಗದ್ದಲವನ್ನೇ ಸಂಕೇತ ಎಂದು ತಿಳಿಯುತ್ತದೆ. ಆ ಕಾಲನ್ನು ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್ ಒಂದರ ಮೂಲಕ ಮೇಲಿನ ವೋಲ್ಟೇಜಿಗೆ ಕಟ್ಟಿಹಾಕಬೇಕು. ಮೇಯಲು ಬಿಟ್ಟ ಕರುವಿಗೆ ಉದ್ದನೆಯ ಕಣ್ಣಿ ಹಾಕಿದಂತೆ. ಎಳೆದರೆ ಬರುತ್ತದೆ, ಬಿಟ್ಟರೆ ಗೂಟದ ಕಡೆಗೇ ಹೋಗುತ್ತದೆ. ಮಾವನವರು ಬಾಗಿಲಲ್ಲಿ ನಿಂತು ನನ್ನ ಕೈಯಾಟ ನೋಡಿ, ಏನೂ ಹೇಳದೆ ಒಳಗೆ ಹೋದರು.

ತಂತಿಯಿಲ್ಲದ ಭಾಗಕ್ಕೆ ಮೊದಲು ತರಿಸಿದ್ದು 433 ಮೆಗಾಹರ್ಟ್ಸ್‌ನ ಜೋಡಿ, ಕಳಿಸುವುದೊಂದು, ಕೇಳುವುದೊಂದು. ಎರಡೂ ಸೇರಿ ಒಂದು ಊಟದ ಬೆಲೆ. ಮೇಜಿನ ಮೇಲೆ ಚೆಂದ ಮಾತಾಡಿಕೊಂಡವು. ಅಂಗಳ ದಾಟಿದ ಕೂಡಲೇ ಮೌನ. ಆಂಟೆನಾ ಬೇಕೆಂದು ಗೊತ್ತಾದದ್ದು ಆಮೇಲೆ. ಬೆಳಕಿನ ವೇಗವನ್ನು ತರಂಗದ ಕಂಪನಸಂಖ್ಯೆಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ 69 ಸೆಂಟಿಮೀಟರ್, ಅದರ ಕಾಲು ಭಾಗ 17.3. ಮಗಳ ಸ್ಕೇಲಿನಲ್ಲಿ ಅಳೆದು, ಕತ್ತರಿಸಿ, ಎರಡೂ ಕಡೆ ಬೆಸುಗೆ ಹಾಕಿದೆ. ಅದೇ ಸಾಮಾನು, ಅದೇ ಬ್ಯಾಟರಿ, ಒಂದು ಗೇಣು ತಂತಿ. ದಣಪೆಯಿಂದ ಮಗಳು ಗಳ ಎಳೆದಳು, ಜಗಲಿಯಲ್ಲಿ ಬಜರು ಕಿರುಚಿತು. ಏಪ್ರಿಲ್ ತಿಂಗಳ ಒಣ ತೋಟ. ನನಗೆ ಆ ಹೊತ್ತಿಗೆ ಯಾರಾದರೂ ಡಾಕ್ಟರೇಟ್ ಕೊಡಬಾರದೇ ಅನ್ನಿಸಿತ್ತು.

ಮಾವನವರಿಗೆ ಮಾತ್ರ ಅದು ಕೇಳಲೇ ಇಲ್ಲ. ನಾವೆಲ್ಲ ಕಿವಿ ಮುಚ್ಚಿಕೊಂಡರೆ ಅವರು ಎಲೆಯಡಿಕೆಯ ಕವಳ ಹಾಕುತ್ತಾ ನಿರಾಳ ಕೂತಿದ್ದರು. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದುಗಳಂತೆ. ಈ ಪುಟ್ಟ ಬಜರುಗಳು ಕೂಗುವುದೇ ಆ ಎತ್ತರದ ದನಿಯಲ್ಲಿ. ಹಗಲು ಮನೆಯಲ್ಲಿರುವವರು ಅವರು ಮತ್ತು ಅತ್ತೆ. ಕೇಳಬೇಕಾದವರಿಗೆ ಕೇಳದ ಅಲಾರಂ ಮಾಡಿದ್ದೆ. ಬಜರು ತೆಗೆದು, ಬೋರ್ಡಿನ ಸಣ್ಣ ಕರೆಂಟಿಗೇ ಅಲುಗುವ ಸ್ವಿಚ್ಚಾದ ರಿಲೇ ಒಂದರಿಂದ ಹಳೆಯ ಕಾಲಿಂಗ್ ಬೆಲ್ಲಿನ ಕಂಚಿನ ಬಟ್ಟಲು ಬಡಿಯುವಂತೆ ಮಾಡಿದೆ. ಅದು ಅವರಿಗೆ ಕೇಳಿತು.

ಮೇ ತಿಂಗಳು ಸುಖವಾಗಿ ಹೋಯಿತು. ಗಳ ಸರಿದರೆ ಗಂಟೆ. ಎರಡು ನಿಮಿಷದಲ್ಲಿ ವಾಪಸು ಬಂದರೆ ಸುಮ್ಮನೆ, ಬಾರದಿದ್ದರೆ ಮತ್ತೆ ಗಂಟೆ. ಮಂಗನಿಗೆ ಏನು ಮಾಡಿದೆ ಎಂದು ಕೇಳಬೇಡಿ. ಮಂಗ ದಣಪೆ ತೆಗೆದು ಬರುವುದಿಲ್ಲ.

ಮಳೆ ಹಿಡಿಯಿತು. ಆರ್ದ್ರಾ ಮಳೆಯಲ್ಲಿ ಮೂರು ದಿನ ಕರೆಂಟಿಲ್ಲ. ಕೇಳುವ ಬೋರ್ಡು ಮೊಬೈಲ್ ಚಾರ್ಜರಿನ ಮೇಲೆ ಬದುಕಿತ್ತು. ನಮ್ಮವರು ಜಾಣತನದಿಂದ ಅದನ್ನು ಪವರ್ ಬ್ಯಾಂಕಿಗೆ ಚುಚ್ಚಿದರು, ದೀಪ ಹೊತ್ತಿತು, ಎಲ್ಲರೂ ಮಲಗಿದೆವು. ಬೆಳಿಗ್ಗೆ ತೋಟದಲ್ಲಿ ಮೂರು ದನ. ಹೊಸ ಹಾಕಿದ ಹನ್ನೊಂದು ಸಸಿಯ ಸುಳಿ ಇಲ್ಲ. ಬೋರ್ಡಿನ ದೀಪವೂ ಇಲ್ಲ. ಪವರ್ ಬ್ಯಾಂಕು ಫೋನಿಗೆಂದು ಮಾಡಿದ್ದು. ತೀರ ಕಡಿಮೆ ಕರೆಂಟು ಎಳೆದರೆ ಫೋನು ತುಂಬಿತು ಎಂದುಕೊಂಡು ತಾನೇ ಆರಿಕೊಳ್ಳುತ್ತದೆ. ನಮ್ಮ ಬೋರ್ಡಿನ ಹಸಿವು ಅಷ್ಟು ಸಣ್ಣದು. ನಾವು ದೀಪ ನೋಡಿ ಬೆನ್ನು ತಿರುಗಿಸಿದ ಸ್ವಲ್ಪ ಹೊತ್ತಿಗೇ ಅದು ಸತ್ತಿತ್ತು.

ಇನ್ನೂ ಕೆಟ್ಟದ್ದು ಮಧ್ಯಾಹ್ನ ಗೊತ್ತಾಯಿತು. ಕರೆಂಟು ಕೊಟ್ಟು, ಕೊಡೆ ಹಿಡಿದು ದಣಪೆಗೆ ಹೋಗಿ ಗಳ ಎಳೆದೆ. ಗಂಟೆ ಬಾರಿಸಲಿಲ್ಲ. ನೆನೆದ ಎಲೆಗಳ ನಡುವೆ ಆ ಬಡಪಾಯಿ ಸಂಕೇತ ಮನೆ ತಲುಪುತ್ತಿರಲಿಲ್ಲ. ಯಾವತ್ತಿನಿಂದ ತಲುಪುತ್ತಿಲ್ಲ? ಹತ್ತು ದಿನವೇ, ಹದಿನೈದೇ? ಹೇಳುವವರಿಲ್ಲ. ಅಷ್ಟೂ ದಿನ ಮನೆಯಲ್ಲಿ ಗಂಟೆ ಬಾರಿಸದ್ದನ್ನು ನಾವು ನೆಮ್ಮದಿ ಎಂದು ತಿಳಿದಿದ್ದೆವು. 'ನೋಡು, ಎಲ್ಲರೂ ಈಗ ಸರಿಯಾಗಿ ದಣಪೆ ಹಾಕ್ತಿದ್ದಾರೆ' ಎಂದು ನಾನೇ ಹೆಮ್ಮೆಪಟ್ಟಿದ್ದೆ.

ಮಾವನವರು ಆವತ್ತು ಊಟದ ಹೊತ್ತಿಗೆ ಹೇಳಿದ ಮಾತು ಇದು. "ದೊಂಟೆ ಕೇಳ್ತಾ ಇದ್ರೆ ದನ ಇದ್ದು. ಕೇಳ್ದಿದ್ರೆ ಹುಡ್ಕಲೆ ಹೋಗವು. ನಿನ್ನ ಯಂತ್ರ ಉಲ್ಟಾ ಅಲ್ದನೇ ತಂಗಿ?"

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬೆಟ್ಟಕ್ಕೆ ಮೇಯಲು ಬಿಡುವ ದನದ ಕೊರಳಿಗೆ ಮರದ ದೊಂಟೆ ಕಟ್ಟುವುದು ಅದಕ್ಕೇ ತಾನೇ. ಅದು ಅಪಾಯ ಬಂದಾಗ ಬಾರಿಸುವ ಗಂಟೆಯಲ್ಲ. ಇಡೀ ದಿನ ಲೊಟ್ಟ ಲೊಟ್ಟ ಎನ್ನುತ್ತಲೇ ಇರುತ್ತದೆ, ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ನಿಂತಾಗ ಮಾತ್ರ ಎಲ್ಲರಿಗೂ ಕೇಳುತ್ತದೆ.

ಈ ಬಗ್ಗೆ ಓದುತ್ತಾ ಹೋದರೆ ಬಲ್ಲವರಿಗೆ ಇದು ಹಳೆಯ ಸಂಗತಿ. 1853ರಲ್ಲೇ ಬಾಸ್ಟನ್ ಹತ್ತಿರದ ಸಾಮರ್‌ವಿಲ್‌ನಲ್ಲಿ ಆಗಸ್ಟಸ್ ಪೋಪ್ ಎಂಬ ಪಾದ್ರಿ ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟು ಪಡೆದಿದ್ದ. ಬಾಗಿಲು ತೆರೆದರೆ ಸರ್ಕಿಟ್ಟು ಕೂಡಿ ಗಂಟೆ ಹೊಡೆಯುವ ಬಗೆ. ಅಂಥದ್ದರಲ್ಲಿ ತಂತಿ ಕತ್ತರಿಸಿದರೆ ಗಂಟೆ ಮೂಕ. ಸದಾ ಕೂಡಿಯೇ ಇರುವ ಸರ್ಕಿಟ್ಟಾದರೆ ಬಾಗಿಲು ತೆರೆದರೂ ಕೂಗುತ್ತದೆ, ತಂತಿ ಕಡಿದರೂ ಕೂಗುತ್ತದೆ. ನನ್ನ ರೀಡ್ ಸ್ವಿಚ್ಚು ಅದೃಷ್ಟಕ್ಕೆ ಈ ಎರಡನೆಯ ಜಾತಿ. ಆದರೆ ಅಲ್ಲಿಂದ ಮನೆಗೆ ಬರುವ ಗಾಳಿಯ ದಾರಿ ಮೊದಲನೆಯ ಜಾತಿಯದಾಗಿತ್ತು. ಸುದ್ದಿ ಇದ್ದರೆ ಮಾತ್ರ ಮಾತು, ಇಲ್ಲವಾದರೆ ಮೌನ. ಸತ್ತವನ ಮೌನವೂ ಹಾಗೇ ಇರುತ್ತದೆ.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಈ ಸಲ ರೇಡಿಯೋ ಬದಲಾಯಿತು. ಹಳೆಯ ಜೋಡಿ ಕೆಲಸ ಮಾಡುವುದು ಟಾರ್ಚು ಹಚ್ಚಿ ಆರಿಸಿದಂತೆ. ಕೇಳುವ ಕಡೆಯದು ಸದ್ದಿಲ್ಲದಾಗ ಕಿವಿ ಹಿಗ್ಗಿಸಿಕೊಂಡು ಗಾಳಿಯ ಗೊಜಗೊಜವನ್ನೆಲ್ಲ ಕೇಳುತ್ತದೆ, ಅದರಲ್ಲಿ ಸಣ್ಣ ಸಂಕೇತ ಮುಳುಗಿಹೋಗುತ್ತದೆ. ಹೊಸದು ಲೋರಾ. ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೋ ಎಂಬ ಸಣ್ಣ ಕಂಪನಿಯ ತಂತ್ರ, 2012ರಲ್ಲಿ ಅಮೆರಿಕದ ಸೆಮ್ಟೆಕ್ ಕಂಪನಿ ಕೊಂಡುಕೊಂಡಿತು. ಅದು ಹೇಗೆ ಅಷ್ಟು ದೂರ ಹೋಗುತ್ತದೆ ಎಂದು ಮಗಳಿಗೆ ಹೇಳಲು ನನಗೆ ಒಂದೇ ಉಪಮೆ ಸಿಕ್ಕಿತು. ಆಚೆ ಗುಡ್ಡದಲ್ಲಿರುವವರನ್ನು ಕರೆಯುವಾಗ ಅಜ್ಜಂದಿರು ಹೆಸರು ಹೇಳುತ್ತಿರಲಿಲ್ಲ, ಕೂ ಹಾಕುತ್ತಿದ್ದರು. ಕೆಳಗಿನಿಂದ ಮೇಲಕ್ಕೆ ಜಾರುವ ಉದ್ದನೆಯ ದನಿ. ಮಾತು ಮಳೆಯಲ್ಲಿ ಕಲಸಿಹೋಗುತ್ತದೆ, ಕೂ ಮಾತ್ರ ಮಳೆಯ ಸದ್ದಿಗಿಂತ ಸಣ್ಣದಾಗಿ ಬಂದರೂ ಕಿವಿ ಗುರುತಿಸುತ್ತದೆ. ಲೋರಾ ಕಳಿಸುವುದೂ ಹೀಗೇ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರುವ ತರಂಗ. ಗದ್ದಲದ ಮಟ್ಟಕ್ಕಿಂತ ಕೆಳಗಿದ್ದರೂ ಹೆಕ್ಕಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಇದೆ, ಮಿತಿಯೊಳಗಿನ ಶಕ್ತಿಯಾದರೆ ಪರವಾನಗಿ ಬೇಡ. ಆಂಟೆನಾ ಈಗ 8.6 ಸೆಂಟಿಮೀಟರಿಗೆ ಇಳಿಯಿತು.

ಮೊದಲನೆಯ ಲೋರಾ ತುಣುಕನ್ನು ನಾನೇ ಕೊಂದೆ. ಅದು 3.3 ವೋಲ್ಟಿನ ಜೀವ. ಮಗಳ ಬೋರ್ಡು 5 ವೋಲ್ಟಿನದು. ಹಸುಗೂಸಿಗೆ ಮಿರ್ಚಿ ಭಜಿ ತಿನ್ನಿಸಿದ ಹಾಗಾಯಿತು. ಎರಡನೆಯ ಸಲ 3.3 ವೋಲ್ಟಿನದೇ ಆದ ಪ್ರೋ ಮಿನಿ ಬೋರ್ಡು ತರಿಸಿದೆ.

ದಣಪೆಯ ಹತ್ತಿರ ಕರೆಂಟಿಲ್ಲ, ಒಂದು ಲಿಥಿಯಂ ಸೆಲ್ಲಿನ ಮೇಲೆ ತಿಂಗಳುಗಟ್ಟಲೆ ಇರಬೇಕು. ಅಂದರೆ ಅದು ನಿದ್ದೆ ಮಾಡಬೇಕು. ಈ ಭಾಗವನ್ನು ನಾನು ಹಬ್ಬದಂತೆ ಅನುಭವಿಸಿದೆ. ಪುಟ್ಟ ಬೋರ್ಡಿನ ಮೇಲೆ ಸುಮ್ಮನೆ ಉರಿಯುವ ಕೆಂಪು ದೀಪವೊಂದಿದೆ. ಚಿಪ್ಪು ನಿದ್ದೆಯಲ್ಲಿ ತಿನ್ನುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಇದೇ ತಿನ್ನುತ್ತದೆ. ಬೆಸುಗೆ ಕಡ್ಡಿಯ ತುದಿಯಿಂದ ಅದನ್ನು ಎಬ್ಬಿಸಿ ತೆಗೆದೆ. ಆಮೇಲೆ ಆ ಕಣ್ಣಿ, ಅಂದರೆ ರೆಸಿಸ್ಟರು. ಗಳ ಜಾಗದಲ್ಲಿದ್ದಷ್ಟು ಹೊತ್ತೂ ಸ್ವಿಚ್ಚು ಕೂಡಿಯೇ ಇರುತ್ತದಲ್ಲ, ಹಾಗಾಗಿ ಅದರ ಮೂಲಕ ಕರೆಂಟು ಸೋರುತ್ತಲೇ ಇರುತ್ತದೆ. ಚಿಪ್ಪಿನೊಳಗಿನ ರೆಸಿಸ್ಟರು ಬಳಸಿದರೆ ನೂರು ಮೈಕ್ರೋಆಂಪಿನ ಆಸುಪಾಸು. ಅದನ್ನು ಬಿಟ್ಟು ಹೊರಗಿನಿಂದ ಹತ್ತು ಲಕ್ಷ ಓಮಿನದು ಹಾಕಿದೆ. ಮೂರಕ್ಕೆ ಇಳಿಯಿತು. ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಸುತ್ತಿ ನಿಲ್ಲಿಸಿದ ಸುಖ.

ನಿದ್ದೆಯಿಂದ ಎಬ್ಬಿಸಲು ಆ ಚಿಪ್ಪಿನೊಳಗೇ ಒಬ್ಬ ಕಾವಲುಗಾರನಿದ್ದಾನೆ, ವಾಚ್‌ಡಾಗ್ ಎನ್ನುತ್ತಾರೆ. ಅವನಿಗೆ ಒಂದು ಸಲಕ್ಕೆ ಎಣಿಸಲು ಬರುವುದು ಹೆಚ್ಚೆಂದರೆ 8 ಸೆಕೆಂಡು. ಹಾಗಾಗಿ ಬೋರ್ಡು 8 ಸೆಕೆಂಡಿಗೊಮ್ಮೆ ಕಣ್ಣು ಬಿಟ್ಟು, ಎಣಿಕೆಗೆ ಒಂದು ಸೇರಿಸಿ, ಮತ್ತೆ ಮಲಗುತ್ತದೆ. 75 ಆದಾಗ ಒಂದು ಕೂ, 'ನಾನಿದ್ದೇನೆ, ದಣಪೆ ಹಾಕಿದೆ, ಬ್ಯಾಟರಿ ಇಷ್ಟಿದೆ.' 75 ಎಂಟಲೆ 600 ಸೆಕೆಂಡು, ಹತ್ತು ನಿಮಿಷ. ಗಳ ಸರಿದರೆ ಮಾತ್ರ ಎಣಿಕೆಗೆ ಕಾಯದೆ ಅಲ್ಲೇ ಎದ್ದು ಕೂಗುತ್ತದೆ. ಮನೆಯ ಕಡೆಯದು ಮೂರು ಕೂ ತಪ್ಪಿದರೆ ಗಂಟೆ ಬಾರಿಸಬೇಕು. ಒಂದಕ್ಕೇ ಬಾರಿಸಿದರೆ ಮನೆಯವರು ನನ್ನನ್ನು ಓಡಿಸಿಯಾರು. ಗಾಳಿಯಲ್ಲಿ ಒಂದೊಂದು ಕಳೆದುಹೋಗುವುದು ಸಾಮಾನ್ಯ.

ಆದರೆ ಮನೆಯ ಬೋರ್ಡೇ ಸತ್ತರೆ? ಕಾವಲುಗಾರನನ್ನು ಕಾಯುವವರು ಯಾರು? ಹಸಿರು ದೀಪ ಇಡಬಹುದಿತ್ತು. ನಮ್ಮ ಮನೆಯಲ್ಲಿ ದೀಪ ನೋಡುವವರಿಲ್ಲ, ಆವತ್ತು ಆರಿದ ದೀಪವನ್ನು ಯಾರೂ ನೋಡಿರಲಿಲ್ಲ. ಅದಕ್ಕೆ ರಿಲೇಯನ್ನು ಅಡುಗೆಮನೆಯ ನಾಗಂದಿಗೆಗೆ ಸ್ಕ್ರೂ ಹಾಕಿ ಬಿಗಿದೆ. ದಣಪೆಯಿಂದ ಕೂ ಬಂದಾಗಲೆಲ್ಲ ಅದು ಒಮ್ಮೆ ಅಲುಗುತ್ತದೆ. ಟಿಕ್. ಹಳೆಯ ಹಲಸಿನ ಹಲಗೆ ಆ ಸದ್ದನ್ನು ಕೊಂಚ ದೊಡ್ಡದು ಮಾಡಿ ಕೊಡುತ್ತದೆ. ಹತ್ತು ನಿಮಿಷಕ್ಕೊಂದು ಟಿಕ್, ಅಷ್ಟೇ. ಅದಕ್ಕೆ ದಣಪೆ, ಬ್ಯಾಟರಿ, ಗಾಳಿ, ಮನೆಯ ಬೋರ್ಡು ಎಲ್ಲವೂ ಬದುಕಿರಬೇಕು.

ಮೊದಲ ವಾರ ಅತ್ತೆ ಬೈದರು. ಹಲ್ಲಿ ಲೊಚಗುಟ್ಟಿದ ಹಾಗೆ ಆಗುತ್ತದೆ, ಏನಾದರೂ ಮಾತಾಡುವಾಗ 'ಸತ್ಯ' ಅಂದಂತಾಗುತ್ತದೆ ಎಂದು. ಎರಡನೆಯ ವಾರ ಮರೆತರು. ಮೂರನೆಯ ವಾರ ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. "ಟಿಕ್ ಅಂದಿದ್ದಿಲ್ಲೆ. ಎಂತಾ ಆತೇ?" ಗಂಟೆ ಇನ್ನೂ ಹೊಡೆದಿರಲಿಲ್ಲ. ಎರಡೇ ತಪ್ಪಿತ್ತು. ಸಂಜೆ ಹೋಗಿ ಡಬ್ಬಿ ತೆಗೆದರೆ ಒಳಗೆ ಇರುವೆ. ಬೆಚ್ಚಗಿನ ಒಣ ಜಾಗ, ಹೊರಗೆ ಮಳೆ. ಬಿಳಿ ಮೊಟ್ಟೆಗಳನ್ನೆಲ್ಲ ತಂದು ಬೋರ್ಡಿನ ಮೇಲೆ ಹರವಿ ಸಂಸಾರ ಹೂಡಿದ್ದವು. ಒದ್ದೆ ಮಣ್ಣು ತಂದು ಎರಡು ಕಾಲುಗಳ ನಡುವೆ ಗೋಡೆಯನ್ನೂ ಕಟ್ಟಿದ್ದವು. ಬ್ರಷ್ಷಿನಲ್ಲಿ ಗುಡಿಸಿ, ಬೆಸುಗೆಗಳಿಗೆಲ್ಲ ಮಗಳ ಉಗುರುಬಣ್ಣ ಬಳಿದು, ತಂತಿ ಹೋಗುವ ತೂತಿಗೆ ಮೇಣ ಮೆತ್ತಿದೆ. ಬಣ್ಣ ಗುಲಾಬಿ. ನೋಡಿದವರು ನಗುತ್ತಾರೆ, ನಗಲಿ.

ಈ ನಡುವೆಯೇ ಶಿರೂರು ಆಯಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣು ಗಂಗಾವಳಿಗೆ ನುಗ್ಗಿ, ದಾರಿಯಲ್ಲಿ ಚಹಾ ಕುಡಿಯಲು ನಿಂತವರೂ ಹೋದರು. ನಮ್ಮಲ್ಲಿ ಅದು ದೂರದ ಸುದ್ದಿಯಲ್ಲ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ ಸಮೇತ ಗುಡ್ಡ ಜಾರಿದ್ದನ್ನು ಕಂಡವರು ನಾವು. ಮನೆ ಹಿಂದೆ ಧರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ಇಲ್ಲದವರು ಈ ಕಡೆ ಯಾರಿದ್ದಾರೆ? ಗುಡ್ಡ ಕಡಿದೇ ಮನೆಗೆ ಜಾಗ ಮಾಡಿಕೊಂಡದ್ದು.

ಶಿರೂರಿನ ಮುಂದಿನ ವಾರ ಆಚೆಮನೆ ಭಾವ ಬಂದರು. ಕೂತು, ಕವಳ ಹಾಕಿ, ನಾಗಂದಿಗೆ ಟಿಕ್ ಎನ್ನುವವರೆಗೆ ಕಾದು, ಆಮೇಲೆ ಮಾತು ತೆಗೆದರು. "ಅತ್ತಿಗೆ, ಯಮ್ಮನೆ ಹಿಂದಿನ ಧರೆಗೂ ಇಂತದ್ದೇ ಒಂದು ಮಾಡಿಕೊಡಲೆ ಆಗ್ತಾ?"

ಆಗುತ್ತದೆ. ಮಾಡುವುದು ದಣಪೆಯದಕ್ಕಿಂತ ಸುಲಭ. ಧರೆಗೆ ಅಡ್ಡ ಒಂದು ತಂತಿ, ಮಣ್ಣು ಜಾರಿದರೆ ತಂತಿ ಎಳೆದು ಅಯಸ್ಕಾಂತ ಕಳಚುತ್ತದೆ, ಗಂಟೆ ಹೊಡೆಯುತ್ತದೆ. ಇದೆಲ್ಲ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಹಾದುಹೋಯಿತು, ಕೈ ತುರಿಸಿತು ಕೂಡಾ. ಆದರೂ ಆಗುವುದಿಲ್ಲ ಎಂದೆ.

ಯಾಕೆ ಎಂದು ಅವರಿಗೆ ಬಿಡಿಸಿ ಹೇಳಲು ಒಂದು ಗಂಟೆ ಬೇಕಾಯಿತು, ಪೂರ್ತಿ ಹೇಳಿದೆನೋ ಇಲ್ಲವೋ. ತಂತಿ ಎಳೆಯುವ ಹೊತ್ತಿಗೆ ಮಣ್ಣು ಹೊರಟಾಗಿರುತ್ತದೆ. ಅವರ ಮನೆಗೂ ಧರೆಗೂ ಇರುವುದು ನಾಲ್ಕು ಮಾರು. ಗಂಟೆ ಕೇಳಿ, ಎದ್ದು, ಮಂಚದಲ್ಲಿರುವ ತಾಯಿಯನ್ನು ಎತ್ತಿಕೊಂಡು ಹೊರಬರಲು ಎಷ್ಟು ಹೊತ್ತು ಬೇಕು? ಕುಸಿತ ಶುರುವಾಗುವುದು ಕಣ್ಣಿಗೆ ಕಾಣುವ ಮಣ್ಣಿನಲ್ಲಲ್ಲ. ನೀರು ಒಳಗೆ ಇಳಿದು, ಕಣಗಳ ನಡುವೆ ತುಂಬಿ, ಒಳಗಿನಿಂದ ಒತ್ತುತ್ತದೆ, ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಅದನ್ನು ಅಳೆಯುವ ಉಪಕರಣಗಳು ಬೇರೆ, ಅಳೆಯುವವರೂ ಬೇರೆ. ಉಗುರುಬಣ್ಣ ಬಳಿದ ನನ್ನ ಡಬ್ಬಿಯಲ್ಲ. ಮತ್ತೆ, ದಣಪೆಯದು ಮೂರು ಕೂ ತಪ್ಪಿದ ಮೇಲೆ ಹೇಳುತ್ತದೆ, ಅಂದರೆ ಅರ್ಧ ಗಂಟೆ ಅದು ಸತ್ತಿದ್ದರೂ ನಮಗೆ ತಿಳಿಯುವುದಿಲ್ಲ. ದನಕ್ಕೆ ಅದು ಸಾಕು. ಅರ್ಧ ಗಂಟೆಗೆ ಹನ್ನೊಂದು ಸಸಿ ಹೋದಾವು.

ನಿಜವಾದ ಹೆದರಿಕೆ ಇನ್ನೊಂದಿತ್ತು. ಅದು ಗೋಡೆಯ ಮೇಲೆ ಇದ್ದರೆ ಅವರು ಮಲಗುತ್ತಾರೆ. ಈಗ ಮಳೆ ಜೋರಾದರೆ ತಾಯಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗುತ್ತಾರೆ. ಟಿಕ್ ಟಿಕ್ ಕೇಳುತ್ತಿದ್ದರೆ, 'ಅತ್ತಿಗೆ ಮಾಡಿಕೊಟ್ಟದ್ದು ಇದ್ದು' ಎಂದು ಉಳಿದುಬಿಡುತ್ತಾರೆ. ಇಷ್ಟನ್ನು ಅವರಿಗೆ ಹೇಳಿದೆ. ಭಾವ ನಕ್ಕು, "ಅದಿಲ್ದೇನೂ ಕೆಲವು ರಾತ್ರಿ ಮಲಗ್ತ್ನಲೇ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಧರೆಯ ನೆತ್ತಿಯ ನೀರು ಆಚೆ ಹರಿಯುವಂತೆ ಅಗಳ ತೋಡಿ, ಮೇಲೆ ಹೊಸ ಬಿರುಕು ಕಂಡರೆ ಎರಡೂ ಬದಿಗೆ ಗೂಟ ಹೊಡೆದು ದಿನಾ ಅಳೆಯಿರಿ, ಮರ ವಾಲಿದರೆ, ಧರೆಯ ಬುಡದಲ್ಲಿ ಕೆಸರು ನೀರು ಒಸರಿದರೆ ಆವತ್ತೇ ಹೊರಡಿ ಎಂದೆ. ಅವರಿಗೆ ಗೊತ್ತಿದ್ದ ಮಾತುಗಳೇ. ಮರುದಿನ ನಮ್ಮವರೂ ಅವರೂ ಸೇರಿ ಅಗಳ ತೋಡಿದರು.

ಆಶ್ಲೇಷಾ ಮಳೆಯ ಕೊನೆಯ ಪಾದ. ರಾತ್ರಿ ಒಂದೂವರೆ ಇರಬಹುದು, ಮಾಡಿನ ಮೇಲೆ ಕಲ್ಲು ಸುರಿದಂತೆ ಮಳೆ. ಎಚ್ಚರವಾಯಿತು, ಯಾಕೆಂದು ತಿಳಿಯಲಿಲ್ಲ. ಕತ್ತಲಲ್ಲಿ ಸುಮ್ಮನೆ ಬಿದ್ದುಕೊಂಡಿದ್ದೆ. ಒಳಕೋಣೆಯಿಂದ ಅತ್ತೆಯ ದನಿ, "ಒಂದು ತಪ್ಪಿತು."

ಅವರೂ ಎಚ್ಚರವಾಗಿದ್ದರು. ಆ ಸದ್ದಿನಲ್ಲಿ ಅವರಿಗೆ ಹೇಗೆ ಗೊತ್ತಾಯಿತೋ. ಎದ್ದು ಅಡುಗೆಮನೆಗೆ ಹೋಗಿ ನಾಗಂದಿಗೆಯ ಕೆಳಗೆ ನಿಂತೆ. ಮೊಬೈಲಿನಲ್ಲಿ ಹೊತ್ತು ನೋಡುತ್ತಾ ನಿಂತರೆ ಹತ್ತು ನಿಮಿಷ ಎಷ್ಟು ಉದ್ದ ಎಂದು ತಿಳಿಯುತ್ತದೆ. ಬರಬೇಕಾದ ಹೊತ್ತು ದಾಟಿತು. ಎರಡು. ಟಾರ್ಚು ತಗೊಂಡು ಜಗಲಿಗೆ ಬಂದೆ, ತಲೆಗೆ ಕೊಪ್ಪೆ ಹಾಕಿಕೊಂಡೆ. ಈ ಮಳೆಯಲ್ಲಿ ದನವೂ ಕೊಟ್ಟಿಗೆ ಬಿಟ್ಟು ಬಂದೀತೇ ಎಂದು ಒಂದು ಮನಸ್ಸು, ಹೋಗಿ ನೋಡುವಾ ಎಂದು ಇನ್ನೊಂದು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಾಗ ಆಚೆ ಗುಡ್ಡದ ಮಗ್ಗುಲಲ್ಲಿ ಬೆಳಕು ಕಂಡಿತು. ಭಾವನ ಮನೆಯ ಹಿಂಭಾಗ. ಟಾರ್ಚಿನ ಬೆಳಕು ಧರೆಯ ಉದ್ದಕ್ಕೂ ನಿಧಾನ ಹೋಗಿ, ನಿಂತು, ಮತ್ತೆ ಹಿಂದೆ ಬರುತ್ತಿತ್ತು.

ಒಳಗೆ ಟಿಕ್ ಅಂತು. ನಾನು ಅಲ್ಲೇ ಕೊಪ್ಪೆ ಹಾಕಿಕೊಂಡು, ಆ ಬೆಳಕು ಆರುವವರೆಗೆ ನೋಡುತ್ತಾ ನಿಂತಿದ್ದೆ.